ಮನೆಗಳು ಮುಪ್ಪಾಗಿ ಸಾಯ್ತಿಲ್ಲ

ಬೆಂಗಳೂರಿನಲ್ಲಿ ಯಾವ ಮನೆ ಕೆಡವಿದರೂ ಸಿಗೋ ಉತ್ತರ ಒಂದೇ: "ಹಳೇ ಮನೆ ಸಾರ್, ಶಿಥಿಲ ಆಗಿತ್ತು." ಶಿಥಿಲ ಆಗಿದ್ದರೆ ಜೆಸಿಬಿ ಯಾಕೆ ಅಷ್ಟು ಒದ್ದಾಡುತ್ತೆ?

ಇಲ್ಲಿ ಮನೆಗಳನ್ನ ಬೀಳಿಸ್ತಿರೋದು ವಯಸ್ಸಲ್ಲ, ಸೈಟಿನ ರೇಟು. ಬಸವನಗುಡಿಯಲ್ಲೋ ಜಯನಗರದಲ್ಲೋ 40-60 ಸೈಟಿನ ಮನೆ ಮಾರಾಟಕ್ಕೆ ಬಂದರೆ ಬ್ರೋಕರ್ ಲೆಕ್ಕ ಹಾಕೋದು ಜಾಗಕ್ಕೆ ಮಾತ್ರ. ತೇಗದ ಬಾಗಿಲು, ರೆಡ್ ಆಕ್ಸೈಡ್ ನೆಲ, ದಪ್ಪ ಗೋಡೆ ಎಲ್ಲ ಸೇರಿ ಬೆಲೆ ಸೊನ್ನೆ. ಮರಮುಟ್ಟಿನ ಆಸೆಗೆ ಕೆಡವೋ ಕಾಂಟ್ರಾಕ್ಟರ್ ಒಂದಿಷ್ಟು ಕೊಟ್ಟರೆ ಅದೇ ಲಾಭ. ಅಣ್ಣತಮ್ಮ, ಅಕ್ಕತಂಗಿಯರ ನಡುವೆ ಭಾಗ ಆಗಬೇಕಿದ್ದರಂತೂ ಜೆಡಿಗೆ, ಅಂದರೆ ಬಿಲ್ಡರ್ ಜೊತೆ ಜಂಟಿ ಅಭಿವೃದ್ಧಿಗೆ, ಜಾಗ ಕೊಟ್ಟು ಆಳಿಗೊಂದು ಫ್ಲ್ಯಾಟ್ ತಗೊಳ್ಳೋದೇ ಸಲೀಸು. ಅವರನ್ನ ಬೈಯೋಕೂ ನನಗೆ ಮನಸ್ಸು ಬರಲ್ಲ. ಒಂದೇ ಅಡುಗೆಮನೆಯನ್ನ ನಾಲ್ಕು ಜನ ಹೇಗೆ ಹಂಚ್ಕೋತಾರೆ?

ಗಾಂಧಿನಗರದ ಕಪಾಲಿ ಚಿತ್ರಮಂದಿರ ಶುರುವಾಗಿದ್ದು 1968ರಲ್ಲಿ, ಮುಚ್ಚಿದ್ದು 2017ರಲ್ಲಿ. ಆಮೇಲೆ ನೆಲಸಮ. ಐವತ್ತೂ ತುಂಬಲಿಲ್ಲ. ಅದೇ ಊರಲ್ಲಿ 1868ರ ಅಠಾರ ಕಚೇರಿ ಇವತ್ತಿಗೂ ಹೈಕೋರ್ಟ್. 1980ರ ದಶಕದಲ್ಲಿ ಅದನ್ನೂ ಕೆಡವೋಕೆ ಹೊರಟಿದ್ದರು. ಜನ ಕೋರ್ಟಿಗೆ ಹೋದರು, ವಿಚಾರಣೆ ನಡೆದದ್ದು ಅದೇ ಕಟ್ಟಡದೊಳಗೆ!

ಹಾಗಂತ ಹಳೇ ಸುಣ್ಣದ ಗಾರೆ ಕಟ್ಟಡವೆಲ್ಲ ಚಿರಂಜೀವಿ ಅಂತಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಗಳು ಹೋದವು. ನೋಡ್ಕೊಳ್ಳೋರಿಲ್ಲದಿದ್ದರೆ ಯಾವುದೂ ನಿಲ್ಲಲ್ಲ.

ನನ್ನ ನಿಜವಾದ ಚಿಂತೆ ಈಗ ಕಟ್ತಿರೋ ಅಪಾರ್ಟ್‌ಮೆಂಟುಗಳದ್ದು. ಆರ್‌ಸಿಸಿಯ, ಅಂದರೆ ಕಬ್ಬಿಣದ ಕಂಬಿ ಹಾಕಿದ ಕಾಂಕ್ರೀಟಿನ, ಆಯಸ್ಸು ಒಳಗಿನ ಕಂಬಿಯ ಕೈಯಲ್ಲಿದೆ. ಸ್ಲ್ಯಾಬಿನ ಕಂಬಿಗೆ ಕನಿಷ್ಠ 20 ಮಿ.ಮೀ., ಪಿಲ್ಲರಿನದಕ್ಕೆ ಸಾಮಾನ್ಯವಾಗಿ 40 ಮಿ.ಮೀ. ಕಾಂಕ್ರೀಟ್ ಹೊದಿಕೆ ಇರಬೇಕು ಅನ್ನುತ್ತೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456. ಮೋಲ್ಡ್ ಹಾಕೋ ದಿನ ಕಂಬಿ ತುಳಿದು ಓಡಾಡಿ, ಈ ಹೊದಿಕೆಗೆ ಜಾಗ ಬಿಡಿಸೋ ಕವರ್ ಬ್ಲಾಕ್ ಜಾರಿದರೆ, ಟ್ಯಾಂಕರ್ ದುಡ್ಡು ಉಳಿಸೋಕೆ ಕಾಂಕ್ರೀಟ್ ಗಟ್ಟಿಯಾಗೋಕೆ ಬೇಕಾದ ಕ್ಯೂರಿಂಗ್‌ಗೆ ಸರಿಯಾಗಿ ನೀರು ಹಾಕದಿದ್ದರೆ, ಗಾಳಿ ತೇವ ಎರಡೂ ಬೇಗ ಕಂಬಿ ಮುಟ್ಟುತ್ತವೆ. ಕಂಬಿ ತುಕ್ಕು ಹಿಡಿದು ಉಬ್ಬುತ್ತೆ, ಕಾಂಕ್ರೀಟ್ ಚಕ್ಕೆಚಕ್ಕೆಯಾಗಿ ಉದುರುತ್ತೆ. ಬಿರುಕೋ ತುಕ್ಕಿನ ಕಲೆಯೋ ಕಾಣೋವರೆಗೂ ಹೊರಗಿಂದ ಏನೂ ಗೊತ್ತಾಗಲ್ಲ, ಅದೇ ಫಜೀತಿ.

ಒಂಟಿ ಮನೆಯಾದರೆ ಕೆಡವಿ ಕಟ್ಟಬಹುದು. ನೂರು ಫ್ಲ್ಯಾಟಿನ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಬದಲಿಸೋಕೇ ವರ್ಷಗಟ್ಟಲೆ ಜಗಳ. ಇನ್ನು ಇಡೀ ಕಟ್ಟಡ ಕೆಡವೋಕೆ ಎಲ್ಲರನ್ನೂ ಒಪ್ಪಿಸೋರು ಯಾರು? ಅಲ್ಲಿವರೆಗೆ ಬಾಡಿಗೆ ಕಟ್ಟೋರು ಯಾರು? ರಿಟೈರ್ ಆಗಿ, ಇದ್ದ ದುಡ್ಡೆಲ್ಲ ಒಂದು ಫ್ಲ್ಯಾಟಿಗೆ ಹಾಕಿದವರು ಎಲ್ಲಿಗೆ ಹೋಗಬೇಕು? ಗಟ್ಟಿಯಾಗಿದ್ದ ಒಂಟಿ ಮನೆಗಳನ್ನ ಸುಲಭವಾಗಿ ಕೆಡವಿ, ಕೆಡವೋಕೇ ಆಗದಂಥ ಜಾಗದಲ್ಲಿ ಅವಸರದ ಕೆಲಸ ಮಾಡ್ತಿದೀವಿ.

ಹದಿನೈದು ವರ್ಷ ಆಯ್ತಲ್ಲ, ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡದ ಗಟ್ಟಿತನದ ತಪಾಸಣೆ, ಮಾಡಿಸೋಣ ಅಂತ ನಿಮ್ಮ ಅಸೋಸಿಯೇಷನ್ ಮೀಟಿಂಗಲ್ಲಿ ಒಂದ್ಸಲ ಹೇಳಿ ನೋಡಿ. "ಮೊನ್ನೆ ತಾನೆ ಪೇಂಟ್ ಹೊಡೆಸಿದೀವಲ್ಲ ಸಾರ್" ಅಂತಾರೆ.