ಹುಡುಗರ ಎದೆಯಲ್ಲಿ ಗಡ್ಡೆ ಕಂಡರೆ ಈ ಎರಡು ರಕ್ತಪರೀಕ್ಷೆ ಕೇಳಿ

20–30 ವಯಸ್ಸಿನ ಹುಡುಗನಿಗೆ ಬಿಡದ ಕೆಮ್ಮು, ಏದುಸಿರು. ಎಕ್ಸ್‌ರೇಯಲ್ಲಿ ಎದೆಯ ನಟ್ಟನಡುವೆ ಗಡ್ಡೆ. ನಮ್ಮಲ್ಲಿ ಮೊದಲು ಬರುವ ಮಾತು ಟಿಬಿ. ಅದರಲ್ಲಿ ತಪ್ಪಿಲ್ಲ, ನಮ್ಮ ದೇಶದಲ್ಲಿ ಟಿಬಿ ಅಷ್ಟು ಜಾಸ್ತಿ. ಆದರೆ ಏನೂ ಖಚಿತವಾಗದೆ ಮಾತ್ರೆ ಶುರು ಮಾಡಿ "ಎರಡು ತಿಂಗಳು ನೋಡೋಣ" ಅಂತಾರಲ್ಲ, ನನ್ನ ತಕರಾರು ಅದಕ್ಕೆ.

ನಮ್ಮ ಚಿಕ್ಕಪ್ಪನ ಮಗನಿಗೆ ಹೀಗೇ ಆಯ್ತು. ಬೆಳಿಗ್ಗೆ ಏಳುವಾಗ ಮುಖ ಊದಿರುತ್ತಿತ್ತು, ಕತ್ತಿನ ನರ ಉಬ್ಬಿರುತ್ತಿತ್ತು, ಶರ್ಟಿನ ಕಾಲರ್ ಗುಂಡಿ ಹಾಕೋಕೆ ಆಗುತ್ತಿರಲಿಲ್ಲ. ತಲೆ, ತೋಳಿನಿಂದ ಹೃದಯಕ್ಕೆ ರಕ್ತ ತರುವ ದೊಡ್ಡ ನಾಳವನ್ನು ಗಡ್ಡೆ ಒತ್ತುತ್ತಿತ್ತು. ಕೊನೆಗೆ ಬೇರೆ ಆಸ್ಪತ್ರೆಯಲ್ಲಿ ಎಎಫ್‌ಪಿ, ಬೀಟಾ ಎಚ್‌ಸಿಜಿ ಅಂತ ಎರಡು ರಕ್ತಪರೀಕ್ಷೆ ಮಾಡಿಸಿದರು. ಇವು ಕೆಲವು ಗಡ್ಡೆಗಳ ಸುಳಿವು ಕೊಡುವ 'ಮಾರ್ಕರ್'ಗಳು. ಸುಮಾರು 10ರ ಒಳಗಿರಬೇಕಾದ ಎಎಫ್‌ಪಿ ಸಾವಿರ ದಾಟಿತ್ತು. ಅದು ಜರ್ಮ್ ಸೆಲ್ ಟ್ಯೂಮರ್, ವೀರ್ಯಾಣು, ಅಂಡಾಣುಗಳ ಮೂಲಕೋಶದಿಂದ ಹುಟ್ಟುವ ಗಡ್ಡೆ.

"ಅದು ಬೀಜಕ್ಕೆ ಬರೋ ಕಾಯಿಲೆ ಅಲ್ವಾ ಡಾಕ್ಟ್ರೇ, ಎದೇಲಿ ಹೇಗೆ?" ಅಂತ ಚಿಕ್ಕಪ್ಪ ಕೇಳಿದರು. ಡಾಕ್ಟರು ತಾಳ್ಮೆಯಿಂದ ಹೇಳಿದ್ದು ಇಷ್ಟು: ಮುಂದೆ ವೀರ್ಯಾಣು ಅಥವಾ ಅಂಡಾಣು ಆಗಬೇಕಾದ ಕೋಶಗಳು ಭ್ರೂಣಕ್ಕೆ ಅಂಟಿಕೊಂಡಿರುವ ಯೋಕ್ ಸ್ಯಾಕ್ ಎಂಬ ಚೀಲದಿಂದ ಹೊರಟು ಮೈಯ ನಡುಗೆರೆಯ ಉದ್ದಕ್ಕೂ ಸಾಗಿ ತಮ್ಮ ಜಾಗ ಸೇರಬೇಕು. ಕೆಲವು ದಾರಿಯಲ್ಲೇ ಉಳಿದು, ವರ್ಷಗಳಾದ ಮೇಲೆ ಗಡ್ಡೆಯಾಗುತ್ತವೆ ಅನ್ನೋದು ಬಹುಕಾಲದಿಂದ ನಡೆದುಬಂದ ವಿವರಣೆ. ಅದಕ್ಕೇ ಇವು ಹೆಚ್ಚಾಗಿ ನಡುಗೆರೆಯಲ್ಲೇ ಸಿಗುತ್ತವೆ. ಎದೆಯ ಮಧ್ಯ, ಹೊಟ್ಟೆಯ ಹಿಂಭಾಗ, ಮೆದುಳಿನ ಪೀನಿಯಲ್ ಗ್ರಂಥಿ, ಹಸುಗೂಸುಗಳಲ್ಲಾದರೆ ಬಾಲಮೂಳೆಯ ಹತ್ತಿರ. ಆದರೂ ಬೀಜದ ಸ್ಕ್ಯಾನ್ ಬಿಡುವ ಹಾಗಿಲ್ಲ. ಹೊಟ್ಟೆಯ ಹಿಂದೆ ಗಡ್ಡೆ ಇದ್ದಾಗಂತೂ ಮೂಲ ಬೀಜದಲ್ಲೇ ಸಣ್ಣದಾಗಿ ಅಡಗಿರಬಹುದು. ನಾಚಿಕೆಪಟ್ಟು ಬೇಡ ಅನ್ನಬೇಡಿ.

ಇದು ಅಪರೂಪದ ಕಾಯಿಲೆ, ನಿಜ. ಆದರೆ ಕೀಮೋಗೆ ಚೆನ್ನಾಗಿ ಬಗ್ಗುವ ಕ್ಯಾನ್ಸರ್‌ಗಳಲ್ಲಿ ಒಂದು. 1970ರ ದಶಕದಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಲಾರೆನ್ಸ್ ಐನ್‌ಹಾರ್ನ್ ಎಂಬ ಕ್ಯಾನ್ಸರ್ ವೈದ್ಯರು ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧ ಸೇರಿಸಿ ಚಿಕಿತ್ಸೆ ಕೊಟ್ಟ ಮೇಲೆ ಲೆಕ್ಕಾಚಾರವೇ ಬದಲಾಯ್ತು. ಈ ಗಡ್ಡೆಯಲ್ಲಿ ಸೆಮಿನೋಮಾ, ನಾನ್‌ಸೆಮಿನೋಮಾ ಅಂತ ಎರಡು ಬಗೆ. ಎದೆಯಲ್ಲಿ ಬರುವ ಸೆಮಿನೋಮಾ ಬಹುತೇಕ ವಾಸಿಯಾಗುತ್ತದೆ. ನಾನ್‌ಸೆಮಿನೋಮಾ ಕಷ್ಟ, ಉಳಿಯುವವರು ಅರ್ಧದಷ್ಟೋ ಅದಕ್ಕೂ ಕಡಿಮೆಯೋ. ಅಂಥ ಕಡೆ ಟಿಬಿ ಮಾತ್ರೆಗೆ ಎರಡು ತಿಂಗಳು ಹೋದರೆ ನನಗೆ ಹೊಟ್ಟೆ ಉರಿಯುತ್ತೆ. ಮಾರ್ಕರ್ ಜಾಸ್ತಿ ಇದ್ದು ರೋಗಿಯ ಸ್ಥಿತಿ ಕೆಟ್ಟಿದ್ದರೆ ಬಯಾಪ್ಸಿಗೂ (ಗಡ್ಡೆಯ ತುಣುಕಿನ ಪರೀಕ್ಷೆ) ಕಾಯದೆ ಕೀಮೋ ಶುರು ಮಾಡುವುದುಂಟು, ಆ ರಕ್ತಪರೀಕ್ಷೆಗಳಿಗೆ ಅಷ್ಟು ಬೆಲೆಯಿದೆ.

ಇನ್ನೊಂದು ಮಾತು. ಕೀಮೋದಿಂದ ಮಕ್ಕಳಾಗುವ ಶಕ್ತಿ ಹೋಗಬಹುದು. ಮೊದಲ ಡ್ರಿಪ್ ಏರಿಸುವ ಮುಂಚೆಯೇ ವೀರ್ಯ ತೆಗೆದಿಡುವ ವಿಷಯ ಎತ್ತಬೇಕು. ನಮ್ಮ ಹುಡುಗನ ಹತ್ತಿರ ಯಾರೂ ಎತ್ತಲಿಲ್ಲ. ಡಾಕ್ಟರಿಗೆ ಅವಸರ, ಮನೆಯವರಿಗೆ ಸಂಕೋಚ. ದಯವಿಟ್ಟು ನೀವೇ ಕೇಳಿ. ಅಪ್ಪ ಅಮ್ಮನ ಎದುರಿಗೆ ಅಲ್ಲ, ಹುಡುಗನನ್ನು ಒಬ್ಬನೇ ಕೂರಿಸಿಕೊಂಡು ಕೇಳಿ.