ಕುಡಿಯೋ ಮ್ಯಾಂಗೋನಾ, ಸೇದೋ ಮ್ಯಾಂಗೋನಾ?

ಮೊನ್ನೆ ನಮ್ಮ ಬೀದಿ ಮೂಲೆಯ ಗೂಡಂಗಡಿಯಲ್ಲಿ ಟೀ ಕುಡಿಯುತ್ತಿದ್ದೆ. ಕಾಲೇಜು ಬ್ಯಾಗಿನ ಹುಡುಗನೊಬ್ಬ ಬಂದು, ‘ಅಣ್ಣ, ಮ್ಯಾಂಗೋ ಇದ್ಯಾ?’ ಅಂದ. ಅಂಗಡಿಯವನು ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ ಕೇಳಿದ: ‘ಕುಡಿಯೋದಾ, ಸೇದೋದಾ?’

ಸೇದೋ ಮ್ಯಾಂಗೋ ಅಂದರೆ ಮಾವಿನ ರುಚಿಯ ವೇಪ್, ಅಂದರೆ ನಿಕೋಟಿನ್ ದ್ರವ ಬಿಸಿಮಾಡಿ ಹಬೆ ಎಳೆಯುವ ಇ-ಸಿಗರೇಟು. ಅದು ನಮ್ಮ ದೇಶದಲ್ಲಿ ಇಲ್ಲ. ಇರುವ ಹಾಗೇ ಇಲ್ಲ. ಕರ್ನಾಟಕ ಇ-ಸಿಗರೇಟನ್ನು 2016ರಲ್ಲೇ ನಿಷೇಧಿಸಿತ್ತು. ಸತ್ತದ್ದನ್ನು ಇನ್ನೊಮ್ಮೆ ಸಾಯಿಸಲು 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸುಗ್ರೀವಾಜ್ಞೆ ತಂದಿತು. ಡಿಸೆಂಬರಿನಲ್ಲಿ ಅದು ಕಾಯ್ದೆಯೂ ಆಯಿತು. ಮಾರಿದರೆ ಮೊದಲ ಸಲ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷ, ಐದು ಲಕ್ಷ. ಸುಮ್ನೆ ದಾಸ್ತಾನು ಇಟ್ಟುಕೊಂಡರೂ ಆರು ತಿಂಗಳು.

ಸೇದುವವನಿಗೆ? ಅವನಿಗೆ ಕಾಯ್ದೆ ಶಿಕ್ಷೆಯನ್ನೇ ಬರೆದಿಲ್ಲ. ತಯಾರಿಸಬಾರದು, ತರಿಸಬಾರದು, ಮಾರಬಾರದು. ಸೇದಿದರೆ ಕೇಳುವವರಿಲ್ಲ. ವೇಪ್ ಮರದಲ್ಲಿ ಬಿಡುತ್ತದೆ ಅಂತ ದೆಹಲಿಯವರು ಅಂದುಕೊಂಡಿರಬೇಕು.

ಆಗ ಸ್ಟಾಕ್ ಇದ್ದ ಅಂಗಡಿಯವರಿಗೆ ಸುಗ್ರೀವಾಜ್ಞೆ ಒಂದು ದಾರಿ ತೋರಿಸಿತ್ತು. ಮಾಲಿನ ಪಟ್ಟಿ ಮಾಡಿ, ನೀವೇ ಹೋಗಿ ಹತ್ತಿರದ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ! ನನಗೆ ಆ ದೃಶ್ಯ ಈಗಲೂ ಕಣ್ಣಿಗೆ ಕಟ್ಟುತ್ತದೆ. ಸರ ಕಳೆದುಕೊಂಡ ಅಜ್ಜಿ ಬೆಂಚಿನ ಮೇಲೆ ಕಾಯುತ್ತಿದ್ದಾರೆ. ಸಬ್ ಇನ್‌ಸ್ಪೆಕ್ಟರ್ ಸಾಹೇಬರು ಮಾತ್ರ ಪುದೀನ ನಲವತ್ತು, ಕಲ್ಲಂಗಡಿ ಅರವತ್ತು, ಬಬಲ್‌ಗಮ್ ಹನ್ನೆರಡು ಅಂತ ಎಣಿಸಿ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಿದ್ದಾರೆ.

ವೇಪ್ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ ಮಾರಾಯರೇ. ಆದರೆ ಹಬೆಯ ಮೇಲೆ ಇಷ್ಟು ಸಿಟ್ಟಿರುವ ಸರ್ಕಾರ ಹೊಗೆಯ ಜೊತೆ ಎಷ್ಟು ಚೆನ್ನಾಗಿ ಸಂಸಾರ ಮಾಡುತ್ತದೆ ನೋಡಿ. ಹುಣಸೂರು, ಪಿರಿಯಾಪಟ್ಟಣದ ರೈತರು ಎಷ್ಟು ಹೊಗೆಸೊಪ್ಪು ಬೆಳೆಯಬೇಕು ಅಂತ ಲೆಕ್ಕ ಹಾಕುವುದು ಕೇಂದ್ರದ್ದೇ ತಂಬಾಕು ಮಂಡಳಿ. ಹರಾಜು ನಡೆಸುವುದೂ ಅದೇ. ದೇಶದ ಅತಿ ದೊಡ್ಡ ಸಿಗರೇಟು ಕಂಪನಿ ಐಟಿಸಿಯ ದೊಡ್ಡ ಷೇರುದಾರರಲ್ಲಿ ನಮ್ಮ ಎಲ್‌ಐಸಿಯೂ ಇದೆ. ನೀವು ಸೇದಿದರೆ ಎಲ್‌ಐಸಿಗೆ ಡಿವಿಡೆಂಡ್. ನೀವು ಹೋದರೆ ನಿಮ್ಮ ಮನೆಯವರಿಗೆ ಎಲ್‌ಐಸಿ ಚೆಕ್. ಲೆಕ್ಕ ಚುಕ್ತಾ ಆಯ್ತಲ್ವಾ?

ಎಚ್ಚರಿಕೆ ಕೊಡುವುದರಲ್ಲೂ ಸರ್ಕಾರ ಹಿಂದೆ ಬಿದ್ದಿಲ್ಲ. ಸಿಗರೇಟು ಪ್ಯಾಕಿನ ಶೇ 85ರಷ್ಟು ಜಾಗದಲ್ಲಿ ಊಟ ಸೇರದಂಥ ಚಿತ್ರ ಇರುತ್ತದೆ. ಆದರೆ ನಮ್ಮಲ್ಲಿ ಪ್ಯಾಕ್ ಕೊಳ್ಳುವವರು ಎಷ್ಟು ಜನ? ‘ಅಣ್ಣ, ಒಂದು ಟೀ, ಒಂದು ಕಿಂಗ್’ ಅಷ್ಟೇ. ಬಿಡಿ ಸಿಗರೇಟು ಮಾರಬಾರದು ಅಂತ ನಮ್ಮ ರಾಜ್ಯ ಯಾವತ್ತೋ ಹೇಳಿದೆ. ಅಂಗಡಿಯ ಕಂಬಕ್ಕೆ ದಾರ ಕಟ್ಟಿ ತೂಗಿಬಿಟ್ಟ ಲೈಟರಿಗೆ ಅದು ಇನ್ನೂ ಕೇಳಿಸಿದಂತಿಲ್ಲ. ಹಾಗಾಗಿ ಆ ಚಿತ್ರವನ್ನು ಬೆಳಗಿನಿಂದ ರಾತ್ರಿವರೆಗೆ ನೋಡುವವನು ಅಂಗಡಿಯವನೊಬ್ಬನೇ. ಪಾಪ, ಅವನು ಸೇದುವುದೇ ಇಲ್ಲ.

2025ರ ಡಿಸೆಂಬರಿನಲ್ಲಿ ಲೋಕಸಭೆಯೊಳಗೇ ಸಂಸದರೊಬ್ಬರು ಇ-ಸಿಗರೇಟು ಸೇದುತ್ತಿದ್ದಾರೆ ಅಂತ ಬಿಜೆಪಿ ಸಂಸದ ಅನುರಾಗ್ ಠಾಕೂರ್ ಸ್ಪೀಕರ್ ಅವರಿಗೆ ದೂರಿದರು. ನಿಜವೋ ಸುಳ್ಳೋ ನನಗೇನು ಗೊತ್ತು. ಕಾಯ್ದೆ ಪಾಸಾದ ಸದನದಲ್ಲೂ ಒಂದು ಮರ ಬೆಳೆದಿದೆಯೋ ಏನೋ.

ಹುಡುಗ ಜೇಬಿಗೆ ಏನನ್ನೋ ಇಳಿಸಿಕೊಂಡು ಹೊರಟುಹೋದ. ನನಗೆ ಕುತೂಹಲ ತಡೆಯಲಿಲ್ಲ.

‘ಅಲ್ಲಪ್ಪಾ, ಅದರಲ್ಲಿ ನಿಕೋಟಿನ್ ಎಷ್ಟಿದೆ?’

‘ಡಬ್ಬಿ ಮೇಲೆ ಏನೋ ಬರೆದಿದೆ ಸಾರ್. ಚೈನೀಸ್ ಯಾರಿಗೆ ಬರುತ್ತೆ?’

‘ಬಿಲ್ಲಾದ್ರೂ ಕೊಡ್ತೀಯಾ?’

‘ಇಲ್ದೇ ಇರೋ ಮಾಲಿಗೆ ಬಿಲ್ಲು ಎಲ್ಲಿಂದ ತರ್ಲಿ ಸಾರ್?’

‘ಆ ಹುಡುಗನಿಗೆ 21 ಆಗಿದ್ಯಾ, ಅದನ್ನಾದ್ರೂ ಕೇಳಬಾರದಾ?’

ಅವನು ನನ್ನ ಲೋಟ ಎತ್ತಿಕೊಂಡು, ಮಗುವಿಗೆ ಹೇಳಿದ ಹಾಗೆ ಹೇಳಿದ: ‘ಅದು ಸಿಗರೇಟಿಗೆ ಸಾರ್. ಇದಕ್ಕೆ ವಯಸ್ಸಿನ ರೂಲ್ಸು ಏನೂ ಇಲ್ಲ.’