ಎಡಗಾಲಿಗೆ ಕೆಲಸ ಬೇಕೋ ಬೇಡವೋ

ಸ್ಪೋರ್ಟ್ಸ್ ಕಾರಿನ ಬಗ್ಗೆ ಸಲಹೆ ಕೊಡುವವರಲ್ಲಿ ಸ್ಪೋರ್ಟ್ಸ್ ಕಾರು ಇರುವವರು ಕಡಿಮೆ. ಇರುವವರು ಒಂದೋ ಅದನ್ನು ಓಡಿಸುತ್ತಿರುತ್ತಾರೆ, ಇಲ್ಲವೇ ರಿಪೇರಿಗೆ ಬಿಟ್ಟು ಮೆಕ್ಯಾನಿಕ್‌ಗೆ ಫೋನ್ ಮಾಡುತ್ತಿರುತ್ತಾರೆ. ಹಾಗಾಗಿ ಸಲಹೆಯ ಭಾರವೆಲ್ಲ ನಮ್ಮಂಥವರ ಮೇಲೆ. ನನ್ನದು ಹಳೆಯ, ಸಾಧಾರಣ ಕಾರು. ಆದರೆ ಗೇರ್‌ಬಾಕ್ಸ್ ಬಗ್ಗೆ ಓದಿಕೊಂಡದ್ದು ಮಾತ್ರ ಜಾಸ್ತಿ. ಓದಿದ್ದನ್ನೆಲ್ಲ ಯಾರ ತಲೆಯ ಮೇಲಾದರೂ ಸುರಿಯಬೇಕಲ್ಲ. ಗೆಳೆಯ ಸಿಕ್ಕಿದ.

ಅವನು ವರ್ಷಗಟ್ಟಲೆ ದುಡ್ಡು ಕೂಡಿಟ್ಟು ಎರಡು ಬಾಗಿಲಿನ ಕಾರಿನ ಕನಸು ಕಾಣುತ್ತಿದ್ದ. ಬಣ್ಣ ನಿಕ್ಕಿಯಾಗಿತ್ತು. ಚಕ್ರದ ವಿನ್ಯಾಸ, ಸೀಟಿನ ಹೊಲಿಗೆಯ ದಾರ ಎಲ್ಲ ನಿಕ್ಕಿಯಾಗಿತ್ತು. "ಮ್ಯಾನ್ಯುಯಲ್ಲೋ ಆಟೋಮ್ಯಾಟಿಕ್ಕೋ, ನೀನೇ ಹೇಳು ಮಾರಾಯ" ಎಂದ. ನೀನೇ ಹೇಳು ಅನ್ನುವವರಿಗೆ ಸಲಹೆ ಬೇಕಿರುವುದಿಲ್ಲ. ಮುಂದೆ ಏನಾದರೂ ಎಡವಟ್ಟಾದರೆ ಬೈಯಲು ಒಬ್ಬ ಬೇಕಿರುತ್ತಾನೆ.

ಹಿಂದೆ ಇದೊಂದು ಪ್ರಶ್ನೆಯೇ ಆಗಿರಲಿಲ್ಲ. ವೇಗ ಬೇಕಾದವರು ಎಡಗಾಲಲ್ಲಿ ಕ್ಲಚ್ ತುಳಿದು ಗೇರು ತಾವೇ ಬದಲಿಸುವ ಮ್ಯಾನ್ಯುಯಲ್ ತಗೊಳ್ಳುತ್ತಿದ್ದರು, ಆರಾಮ ಬೇಕಾದವರು ಗೇರು ತಾನೇ ಬದಲಾಗುವ ಆಟೋಮ್ಯಾಟಿಕ್. ಈಗ ಲೆಕ್ಕ ತಲೆಕೆಳಗಾಗಿದೆ. 2021ರಲ್ಲಿ ಬಂದ ಪೋರ್ಷೆ 911 ಜಿಟಿ3 ಕಾರನ್ನೇ ನೋಡಿ. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಲು ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್‌ಗೆ 3.4 ಸೆಕೆಂಡು ಸಾಕು. ಅದೇ ಕಾರಿನ ಮ್ಯಾನ್ಯುಯಲ್‌ಗೆ 3.9 ಸೆಕೆಂಡು ಬೇಕು. ಅಂದರೆ ಕೈಕಾಲು ಎರಡೂ ಆಡಿಸಿ ಬೆವರು ಸುರಿಸಿದವನು ಅರ್ಧ ಸೆಕೆಂಡು ತಡವಾಗಿ ಬರುತ್ತಾನೆ. ಬಂದವನು ನಗುತ್ತಾ ಇಳಿಯುತ್ತಾನೆ. ಮೊದಲೇ ಬಂದವನು ಫೋನ್ ನೋಡುತ್ತಾ ಕೂತಿರುತ್ತಾನೆ.

ಡ್ಯುಯಲ್ ಕ್ಲಚ್ ಹೇಗೆ ಗೆಲ್ಲುತ್ತದೆ ಎಂದು ಗೆಳೆಯನಿಗೆ ವಿವರಿಸಿದೆ. ಎಂಜಿನ್ನನ್ನೂ ಗೇರುಗಳನ್ನೂ ಕೂಡಿಸಿ ಬಿಡಿಸುವುದು ಕ್ಲಚ್. ಅದರಲ್ಲಿ ಅಂಥವು ಎರಡು. ಒಂದು, ಮೂರು, ಐದನೇ ಗೇರುಗಳನ್ನು ಒಂದು ಕ್ಲಚ್ ನೋಡಿಕೊಳ್ಳುತ್ತದೆ. ಎರಡು, ನಾಲ್ಕು, ಆರು ಇನ್ನೊಂದರ ಪಾಲು. ನೀವು ಮೂರನೇ ಗೇರಿನಲ್ಲಿ ಹೋಗುತ್ತಿರುವಾಗಲೇ ನಾಲ್ಕನೆಯದು ತಯಾರಾಗಿ ಕಾಯುತ್ತಿರುತ್ತದೆ. ಒಂದು ಕ್ಲಚ್ ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ, ನಡುವೆ ಎಂಜಿನ್ನಿನ ಎಳೆತ ನಿಲ್ಲುವುದೇ ಇಲ್ಲ. ಗೆಳೆಯ ಎಲ್ಲವನ್ನೂ ಕೇಳಿ, "ಹಾಗಾದ್ರೆ ನಾನೇನು ಮಾಡ್ಲಿ?" ಎಂದ. ಇಂಥ ಕಾರಿನ ಕಷ್ಟವೇ ಅದು.

ಎರಡನ್ನೂ ಓಡಿಸಿಯೇ ನೋಡೋಣ ಎಂದು ಹೊರಟೆವು. ಅವನು, ಅವನ ಹೆಂಡತಿ, ಶೋರೂಮಿನ ಹುಡುಗ, ನಾನು. ಸ್ಪೋರ್ಟ್ಸ್ ಕಾರಿಗೆ ಹಿಂದಿನ ಸೀಟು ಇದೆ ಎಂದು ಕಂಪನಿಯವರು ಬರೆದಿರುತ್ತಾರೆ. ಬರೆದವರು ಅಲ್ಲಿ ಕೂತಿರಲಿಕ್ಕಿಲ್ಲ. ನನ್ನ ಎರಡೂ ಮೊಣಕಾಲು ಕಿವಿಯ ಹತ್ತಿರ ಬಂದವು. ಅವನ ಹೆಂಡತಿ ಒಮ್ಮೆ ಇಣುಕಿ ನೋಡಿ, "ನಾನು ಆಮೇಲೆ ಬರ್ತೀನಿ" ಎಂದು ಶೋರೂಮಿನಲ್ಲೇ ಉಳಿದರು.

ಮೊದಲು ಮ್ಯಾನ್ಯುಯಲ್. ಗೇಟು ದಾಟುವ ಮೊದಲೇ ಕಾರು ಆಫ್ ಆಯಿತು. ರಸ್ತೆಗೆ ಬಂದು ಸಿಗ್ನಲ್‌ನಲ್ಲಿ ಇನ್ನೊಮ್ಮೆ. ಮಾಮೂಲಿ ಕಾರು ಆಫ್ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಇದು ಅಷ್ಟು ಹೊತ್ತು ಗುರುಗುಟ್ಟಿ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿಕೊಂಡಿರುತ್ತದೆ. ಹಸಿರು ದೀಪ ಬಂದ ಕೂಡಲೇ ಒಂದು ಜಿಗಿತ, ಒಂದು ಕೆಮ್ಮು, ಆಮೇಲೆ ಏನೂ ಇಲ್ಲ. ಫೋನಿನಲ್ಲಿ ವಿಡಿಯೋ ಮಾಡಲು ಕೈ ಎತ್ತಿದ್ದ ಒಬ್ಬ ಹುಡುಗ ಕರುಣೆಯಿಂದ ಕೈ ಇಳಿಸಿದ.

ಇದರಲ್ಲಿ ಗೆಳೆಯನ ತಪ್ಪು ಅಷ್ಟಾಗಿ ಇಲ್ಲ. ಇಂಥ ಕಾರಿನ ಎಂಜಿನ್ನಿಗೆ ಹಗುರವಾದ ಫ್ಲೈವೀಲ್, ಅಂದರೆ ಎಂಜಿನ್ನಿನ ಜೊತೆಗೇ ತಿರುಗುವ ಗಾಲಿ, ಇಟ್ಟಿರುತ್ತಾರೆ. ಆರ್‌ಪಿಎಂ, ಅಂದರೆ ಎಂಜಿನ್ನು ನಿಮಿಷಕ್ಕೆ ಸುತ್ತುವ ಲೆಕ್ಕ, ತಟ್ಟನೆ ಏರಲಿ ಎಂದು. ತಟ್ಟನೆ ಏರುವುದು ತಟ್ಟನೆ ಇಳಿಯುತ್ತದೆ ಕೂಡ. ಮೇಲಾಗಿ ಕ್ಲಚ್ ಗಟ್ಟಿ, ಅದು ಹಿಡಿಯುವ ಜಾಗ ಕೂದಲೆಳೆಯಷ್ಟು. ಮಾಮೂಲಿ ಕಾರಿನಲ್ಲಿ ಹಾಫ್ ಕ್ಲಚ್ ಇಟ್ಟು ಮೆಲ್ಲಗೆ ತೆವಳುವವರಿಗೆ ಇಲ್ಲಿ ಆ ಅರ್ಧವೇ ಸಿಗುವುದಿಲ್ಲ. "ಪರವಾಗಿಲ್ಲ ಸರ್, ಎಲ್ರಿಗೂ ಹೀಗೇ ಆಗುತ್ತೆ" ಎಂದ ಶೋರೂಮಿನ ಹುಡುಗ. ಹೇಳುವಾಗ ಒಂದು ಕೈಯಲ್ಲಿ ಬಾಗಿಲಿನ ಹಿಡಿ ಹಿಡಿದಿದ್ದ.

ಆಮೇಲೆ ಆಟೋಮ್ಯಾಟಿಕ್. ಇದರಲ್ಲಿ ಏನೂ ಆಗಲಾರದು ಎಂದು ನಾನು ಹಿಂದೆ ನೆಮ್ಮದಿಯಾಗಿ ಮಡಚಿಕೊಂಡು ಕೂತಿದ್ದೆ. ಆದರೆ ಎಡಗಾಲು ಎಂಬುದೊಂದಿದೆಯಲ್ಲ. ಅಷ್ಟು ವರ್ಷ ಕ್ಲಚ್ ತುಳಿದ ಕಾಲಿಗೆ ಒಂದೇ ದಿನದಲ್ಲಿ ನಿವೃತ್ತಿ ಎಂದರೆ ಅದು ಒಪ್ಪುತ್ತದೆಯೇ? ಮುಂದೆ ಲಾರಿಯೊಂದು ನಿಧಾನವಾಯಿತು. ಗೆಳೆಯ ಗೇರು ಇಳಿಸಬೇಕೆಂದುಕೊಂಡ. ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕಿ ಹೊರಟಿತು. ಆಟೋಮ್ಯಾಟಿಕ್ ಕಾರಿನಲ್ಲಿ ಬ್ರೇಕ್ ಪೆಡಲ್ ಅಗಲವಾಗಿರುತ್ತದೆ, ಹುಡುಕುವವರಿಗೆ ಸುಲಭವಾಗಿ ಸಿಗುತ್ತದೆ. ಕ್ಲಚ್ ಎಂದು ತುಳಿಯುವ ರಭಸದಲ್ಲಿ ಬ್ರೇಕ್ ತುಳಿದ. ಸ್ಪೋರ್ಟ್ಸ್ ಕಾರಿನ ಬ್ರೇಕು ಎಷ್ಟು ಒಳ್ಳೆಯದು ಎಂಬುದಕ್ಕೆ ಅವನ ತಲೆಯ ಹಿಂದಿನ ದಿಂಬು ಮತ್ತು ನನ್ನ ಮೂಗು ಸಾಕ್ಷಿ.

"ಕಾರು ತಾನೇ ನಿಂತುಬಿಡ್ತು ಕಣೋ" ಎಂದ ಗೆಳೆಯ. ಈ ಮಾತನ್ನು ಗಮನಿಸಿ. ಮ್ಯಾನ್ಯುಯಲ್‌ನಲ್ಲಿ ಕಾರು ಆಫ್ ಆದಾಗ ಅವನು "ನಾನು ಕ್ಲಚ್ ಬೇಗ ಬಿಟ್ಟೆ" ಎಂದಿದ್ದ. ಆಟೋಮ್ಯಾಟಿಕ್‌ನಲ್ಲಿ ಕಾರು ತಾನೇ ನಿಂತಿತು! ಈ ಆಯ್ಕೆಯ ಗುಟ್ಟೆಲ್ಲ ಇದೇ ಎಂದು ನನಗೆ ಅನ್ನಿಸುವುದು. ಎಡವಟ್ಟು ಎರಡರಲ್ಲೂ ಆಗುತ್ತದೆ. ಅದು ಯಾರ ಖಾತೆಗೆ ಹೋಗಬೇಕು ಎಂದು ಮೊದಲೇ ಗೊತ್ತು ಮಾಡಿಕೊಳ್ಳುವುದಷ್ಟೇ ನಮ್ಮ ಕೈಯಲ್ಲಿರುವುದು.

ಸ್ಟೀರಿಂಗ್ ಹಿಂದಿನ ಪ್ಯಾಡಲ್‌ಗಳೂ ಇವೆ. ಬಲಗಡೆಯದು ಎಳೆದರೆ ಗೇರು ಮೇಲೆ, ಎಡಗಡೆಯದು ಎಳೆದರೆ ಕೆಳಗೆ. ಕೇಳಲು ಸುಲಭ. ಹೆಚ್ಚಿನ ಕಾರುಗಳಲ್ಲಿ ಪ್ಯಾಡಲ್ ಸ್ಟೀರಿಂಗ್ ಜೊತೆಗೇ ತಿರುಗುತ್ತದೆ. ಬಿಗಿ ತಿರುವಿನಲ್ಲಿ ಬಲದ್ದು ಎಡಕ್ಕೆ ಬಂದಿರುತ್ತದೆ, ಎಡದ್ದು ಎಲ್ಲೋ ಹೋಗಿರುತ್ತದೆ. ಫೆರಾರಿಯಂಥವರು ಪ್ಯಾಡಲ್ಲನ್ನು ತಿರುಗದಂತೆ ಸ್ಟೀರಿಂಗ್ ಕಂಬಕ್ಕೇ ಕೂರಿಸುತ್ತಾರೆ. ಆಗ ಪ್ಯಾಡಲ್ ಇದ್ದಲ್ಲೇ ಇರುತ್ತದೆ, ನಮ್ಮ ಕೈ ಎಲ್ಲೋ ಹೋಗಿರುತ್ತದೆ. ಗೆಳೆಯ ತಿರುವಿನಲ್ಲಿ ಗೇರು ಇಳಿಸಲು ಹೋಗಿ ವೈಪರ್ ಹಾಕಿದ. ಗಾಜು ಒಣಗಿತ್ತು. ಅದು ಕಿರ್ರ್ ಕಿರ್ರ್ ಅನ್ನುತ್ತಿದ್ದಷ್ಟು ಹೊತ್ತೂ ಯಾರೂ ಮಾತಾಡಲಿಲ್ಲ. ಗೇರ್ ಲಿವರಿನದು ಇನ್ನೊಂದು ಕತೆ. ಕೆಲವು ಕಾರಿನಲ್ಲಿ ಮುಂದಕ್ಕೆ ತಳ್ಳಿದರೆ ಮೇಲಿನ ಗೇರು, ಕೆಲವು ಕಾರಿನಲ್ಲಿ ಹಿಂದಕ್ಕೆ ಎಳೆದರೆ. ಇದನ್ನಾದರೂ ಕಂಪನಿಗಳು ಒಂದು ಕಡೆ ಕೂತು ಮಾತಾಡಿಕೊಳ್ಳಬಾರದಿತ್ತೇ?

ಪ್ಯಾಡಲ್‌ನ ಹಿಂದೆ ದೊಡ್ಡ ಚರಿತ್ರೆಯೇ ಇದೆ ಎಂದು ಗೆಳೆಯನನ್ನು ಸಮಾಧಾನ ಮಾಡಿದೆ. ಫಾರ್ಮುಲಾ ಒನ್‌ಗೆ ಅದನ್ನು ತಂದದ್ದು 1989ರಲ್ಲಿ ಫೆರಾರಿ. ಪರೀಕ್ಷೆಗಳಲ್ಲಿ ಆ ಗೇರ್‌ಬಾಕ್ಸ್ ಮತ್ತೆ ಮತ್ತೆ ಕೈಕೊಡುತ್ತಿತ್ತು. ಬ್ರೆಜಿಲ್‌ನಲ್ಲಿ ಆ ವರ್ಷದ ಮೊದಲ ರೇಸಿಗೆ ಬಂದ ಫೆರಾರಿ ಚಾಲಕ ನೈಜೆಲ್ ಮ್ಯಾನ್ಸೆಲ್, ಹೇಗೂ ಅರ್ಧದಲ್ಲಿ ನಿಲ್ಲುತ್ತದೆ ಎಂದು ಮನೆಗೆ ಮರಳಲು ಬೇಗ ಹೊರಡುವ ವಿಮಾನಕ್ಕೆ ಟಿಕೆಟ್ ಮಾಡಿಸಿಟ್ಟಿದ್ದರಂತೆ. ರೇಸಿನ ನಡುವೆ ಸ್ಟೀರಿಂಗ್ ಚಕ್ರವನ್ನೇ ಬದಲಿಸಬೇಕಾಯಿತು. ಆದರೂ ಗೆದ್ದರು. ವಿಮಾನ ತಪ್ಪಿತು. ಕೊನೆಗೆ ಅವರ ಕೈಗೆ ಗಾಯವಾದದ್ದು ಗೇರ್‌ಬಾಕ್ಸ್‌ನಿಂದಲ್ಲ, ವೇದಿಕೆಯ ಮೇಲೆ ಕೊಟ್ಟ ಟ್ರೋಫಿಯಿಂದ.

ಅದಕ್ಕಿಂತ ನನಗೆ ಇಷ್ಟವಾದದ್ದು ಪೋರ್ಷೆಯವರು 1967ರಲ್ಲಿ ತಂದ ಸ್ಪೋರ್ಟೋಮ್ಯಾಟಿಕ್. ಅದು ಪೂರ್ತಿ ಆಟೋಮ್ಯಾಟಿಕ್ ಅಲ್ಲ, ಪೂರ್ತಿ ಮ್ಯಾನ್ಯುಯಲ್ಲೂ ಅಲ್ಲ. ಕ್ಲಚ್ ಪೆಡಲ್ ಇಲ್ಲ, ಗೇರ್ ಲಿವರ್ ಇದೆ. ಲಿವರನ್ನು ಮುಟ್ಟಿ ಅದುಮಿದರೆ ಒಳಗಿನ ಸ್ವಿಚ್ ಒತ್ತಿ ಕ್ಲಚ್ ತಾನೇ ಬಿಟ್ಟುಕೊಳ್ಳುತ್ತದೆ. ಬಹಳ ಜಾಣತನದ ಏರ್ಪಾಡು. ಆದರೆ ಲಿವರಿನ ಮೇಲೆ ಸುಮ್ನೆ ಕೈಯಿಟ್ಟುಕೊಂಡು ಓಡಿಸುವ ಅಭ್ಯಾಸ ಎಷ್ಟು ಜನಕ್ಕಿಲ್ಲ? ಕೈ ಸ್ವಲ್ಪ ಭಾರವಾಗಿ ಬಿದ್ದರೆ ಸಾಕು, ಕ್ಲಚ್ ಬಿಟ್ಟು ಎಂಜಿನ್ನು ಗಾಳಿಯಲ್ಲಿ ಕಿರುಚುತ್ತದೆ. ಹೆಂಡತಿಯ ಪಕ್ಕ ಕೂತು ಠೀವಿಯಿಂದ ಲಿವರ್ ಮೇಲೆ ಕೈಯಿಟ್ಟವರ ಗತಿ ಏನಾಗಿರಬೇಡ?

ಶುದ್ಧ ಸ್ಪೋರ್ಟ್ಸ್ ಕಾರೆಂದರೆ ಮ್ಯಾನ್ಯುಯಲ್ ಎಂದು ಮೇಜು ಗುದ್ದುವವರಿಗೆ ನಾನು ಕಾರ್ವೆಟ್ ಕತೆ ಹೇಳುತ್ತೇನೆ. ಅಮೆರಿಕದ ಆ ಹೆಸರಾಂತ ಕಾರು 1953ರಲ್ಲಿ ಹುಟ್ಟಿದಾಗ ಅದಕ್ಕಿದ್ದದ್ದು ಎರಡೇ ಗೇರಿನ ಆಟೋಮ್ಯಾಟಿಕ್. ಮ್ಯಾನ್ಯುಯಲ್ ಸಿಕ್ಕಿದ್ದು 1955ರಲ್ಲಿ. ಆಮೇಲೆ ಎಷ್ಟೋ ದಶಕ ಮ್ಯಾನ್ಯುಯಲ್ ಹೆಮ್ಮೆಯಲ್ಲಿ ಬಾಳಿ, 2020ರ ಮಾದರಿಯಿಂದ ಮತ್ತೆ ಆಟೋಮ್ಯಾಟಿಕ್ ಮಾತ್ರ, ಎಂಟು ಗೇರಿನ ಡ್ಯುಯಲ್ ಕ್ಲಚ್. ಇದಕ್ಕೆ ಉಲ್ಟಾ ಪೋರ್ಷೆಯವರದು. 2013ರಲ್ಲಿ ಜಿಟಿ3ಯನ್ನು ಆಟೋಮ್ಯಾಟಿಕ್ ಮಾತ್ರ ಎಂದು ತಂದರು. ಅಭಿಮಾನಿಗಳು ಗಲಾಟೆ ಎಬ್ಬಿಸಿದರು. 2016ರಲ್ಲಿ 911 ಆರ್ ಎಂಬ ಮ್ಯಾನ್ಯುಯಲ್ ಕಾರನ್ನು 991 ಮಾತ್ರ ಮಾಡಿ ಮಾರಿದರು. 2017ರ ಜಿಟಿ3ಗೆ ಮ್ಯಾನ್ಯುಯಲ್ ಮರಳಿತು. ಹೀಗೆ ನಿಧಾನವಾಗಿ ಹೋಗುವ ಹಕ್ಕಿಗಾಗಿ ಹೋರಾಡಿ ಗೆದ್ದವರು ಬೇರೆ ಯಾರಿದ್ದಾರೆ?

ಮ್ಯಾನ್ಯುಯಲ್‌ನ ನಿಜವಾದ ಅಪಾಯವನ್ನು ನಾನು ಗೆಳೆಯನಿಂದ ಮುಚ್ಚಿಡಲಿಲ್ಲ. ಪೂರ್ತಿ ವೇಗದಲ್ಲಿ ಮೂರರಿಂದ ನಾಲ್ಕಕ್ಕೆ ಹೋಗಬೇಕಾದ ಲಿವರ್ ಎರಡಕ್ಕೆ ಹೋಯಿತು ಅನ್ನಿ. ಆರ್‌ಪಿಎಂ ಮಿತಿ ಮೀರದಂತೆ ತಡೆಯಲು ಕಾರಿನಲ್ಲಿ ಏರ್ಪಾಡು ಇರುತ್ತದೆ ನಿಜ. ಆದರೆ ಅದು ಇಂಧನ ನಿಲ್ಲಿಸಬಹುದು, ಚಕ್ರಗಳನ್ನು ಹಿಡಿಯಲಾರದು. ಚಕ್ರಗಳೇ ಎಂಜಿನ್ನನ್ನು ಹಿಡಿದು ತಿರುಗಿಸಿಬಿಡುತ್ತವೆ. ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ. ಆಮೇಲೆ ಬರುವುದು ಬಿಲ್ಲು. ಇಂಗ್ಲಿಷ್ ಬಲ್ಲ ಕಾರುಪ್ರಿಯರು ಇದನ್ನು "ಮನಿ ಶಿಫ್ಟ್" ಅನ್ನುವುದು ಸುಮ್ನೆ ಅಲ್ಲ. ಆಟೋಮ್ಯಾಟಿಕ್‌ನಲ್ಲಿ ಎಷ್ಟೇ ಪ್ಯಾಡಲ್ ಎಳೆದರೂ ಕಂಪ್ಯೂಟರ್ ಒಂದು ಸಲ ಕೊಂಯ್ ಎಂದು ನಿಮ್ಮ ಅರ್ಜಿಯನ್ನು ತಿರಸ್ಕರಿಸುತ್ತದೆ. ಗೆಳೆಯನಿಗೆ ಇದು ಹಿಡಿಸಲಿಲ್ಲ. "ನನ್ನ ದುಡ್ಡಿನ ಕಾರು ನನಗೇ ಬೇಡ ಅನ್ನೋದಾ?" ಎಂದ. ಹಾಗಂತ ಅದೂ ಸಾಚಾ ಅಲ್ಲ. ಟ್ರಾಫಿಕ್ಕಿನಲ್ಲಿ ಇಂಚಿಂಚು ತೆವಳಿಸಿದರೆ ಡ್ಯುಯಲ್ ಕ್ಲಚ್ಚೂ ಜಾರಿ ಜಾರಿ ಬಿಸಿಯಾಗುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹಚ್ಚಿ ಮುಷ್ಕರ ಹೂಡುತ್ತದೆ.

ಈಗಂತೂ ಎರಡರ ನಡುವಿನ ಗೆರೆಯೇ ಅಳಿಸಿದೆ. ನಿಸಾನ್ 370ಝಡ್ 2009ರ ಮಾದರಿಯಲ್ಲೇ, ಮ್ಯಾನ್ಯುಯಲ್ ಗೇರು ಇಳಿಸುವಾಗ ಎಕ್ಸಲರೇಟರ್ ಒತ್ತಿ ಆರ್‌ಪಿಎಂ ಹೊಂದಿಸುವ ಕೆಲಸವನ್ನು ಕಂಪ್ಯೂಟರಿಗೆ ಕೊಟ್ಟಿತು. 2022ರಲ್ಲಿ ತೋರಿಸಿದ ಕೋನಿಗ್‌ಸೆಗ್ ಸಿಸಿ850 ಕಾರಿನ ಒಂದೇ ಗೇರ್‌ಬಾಕ್ಸ್ ಆರು ಗೇರಿನ ಮ್ಯಾನ್ಯುಯಲ್ಲೂ ಹೌದು, ಒಂಬತ್ತು ಗೇರಿನ ಆಟೋಮ್ಯಾಟಿಕ್ಕೂ ಹೌದು. ಮ್ಯಾನ್ಯುಯಲ್‌ನಲ್ಲಿರುವಾಗ ಕ್ಲಚ್ ತಪ್ಪಾಗಿ ಬಿಟ್ಟರೆ ಆಫ್ ಕೂಡ ಆಗುತ್ತದೆ. ಹುಂಡೈನ ಅಯಾನಿಕ್ 5 ಎನ್ ವಿದ್ಯುತ್ ಕಾರು. ಬದಲಿಸಲು ಗೇರೇ ಇಲ್ಲ. ಆದರೂ ಗುಂಡಿ ಒತ್ತಿದರೆ ಎಂಟು ಗೇರು ಇದ್ದಂತೆ ನಟಿಸುತ್ತದೆ, ಎಳೆಯುತ್ತದೆ, ಜಗ್ಗುತ್ತದೆ, ಸದ್ದು ಮಾಡುತ್ತದೆ. ಜಗ್ಗಾಟ ಹೋಗಲಿ ಎಂದು ಅಷ್ಟು ವರ್ಷ ದುಡಿದ ಎಂಜಿನಿಯರುಗಳು ಈಗ ಅದನ್ನೇ ಸಾಫ್ಟ್‌ವೇರಿನಲ್ಲಿ ಬರೆಯುತ್ತಿದ್ದಾರೆ.

ಇಷ್ಟೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಶೋರೂಮಿಗೆ ವಾಪಸಾಗಿದ್ದೆವು. ಗೆಳೆಯ ಆಟೋಮ್ಯಾಟಿಕ್ ಕಡೆ ವಾಲಿದ್ದ. ಕಾರಣ ಕೇಳಿದ್ದಕ್ಕೆ ಅರ್ಧ ಸೆಕೆಂಡಿನ ಲೆಕ್ಕ ಹೇಳಿದ. ಸಿಗ್ನಲ್‌ನ ಹುಡುಗನ ಬಗ್ಗೆ ಏನೂ ಹೇಳಲಿಲ್ಲ. ಎಡಮಂಡಿಯನ್ನು ಮಾತ್ರ ನೀವಿಕೊಂಡ.

"ನಾನೂ ಒಂದು ರೌಂಡ್ ನೋಡ್ಲಾ?" ಎಂದು ಅವನ ಹೆಂಡತಿ ಎದ್ದರು. ಮ್ಯಾನ್ಯುಯಲ್ ಕಾರಿನ ಕೀ ತಗೊಂಡರು. ನಾನು ಹಿಂದೆ ಹತ್ತಲಿಲ್ಲ, ಅಷ್ಟು ಬುದ್ಧಿ ಬಂದಿತ್ತು. ಕಾರು ಒಂದು ಜಗ್ಗೂ ಇಲ್ಲದೆ ಹೊರಟಿತು. ವಾಪಸು ಬರುವಾಗ ದೂರದ ತಿರುವಿನಿಂದಲೇ ಸದ್ದು ಕೇಳಿತು. ಬ್ರೇಕ್ ಹಿಡಿದಂತೆಯೇ ಎಂಜಿನ್ನು ಒಮ್ಮೆ ವ್ರೂಂ ಎಂದು ಏರಿ ಗೇರು ನುಣ್ಣಗೆ ಇಳಿಯಿತು. ಗೆಳೆಯ ನನ್ನ ಮುಖ ನೋಡಿದ. ನಾನು ಶೋರೂಮಿನ ಹುಡುಗನ ಮುಖ ನೋಡಿದೆ. ಅವನು ಈ ಸಲ ಬಾಗಿಲಿನ ಹಿಡಿ ಹಿಡಿದಿರಲಿಲ್ಲ.

"ಅಪ್ಪನ ಹಳೇ ಜೀಪಲ್ಲಿ ಕಲಿತಿದ್ದು" ಎಂದರು ಇಳಿಯುತ್ತಾ. "ಅದರ ಸಿಂಕ್ರೋ ಸವೆದು ಹೋಗಿತ್ತು. ಪ್ರತಿ ಗೇರಿಗೂ ಎರಡೆರಡು ಸಲ ಕ್ಲಚ್ ತುಳೀಬೇಕಿತ್ತು. ಇದು ಆಟಿಕೆ." ಗೇರುಗಳನ್ನು ಕರಕರ ಅನ್ನದಂತೆ ಕೂಡಿಸುವ ಆ ಸಿಂಕ್ರೋಮೆಶ್ 1928ರಲ್ಲಿ ಕ್ಯಾಡಿಲ್ಯಾಕ್ ಕಾರಿನಲ್ಲಿ ಬಂತು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಹುಡುಗನ ಕಡೆ ತಿರುಗಿ, "ಮ್ಯಾನ್ಯುಯಲ್ ಅಂತ ಬರ್ಕೊಳ್ಳಿ" ಎಂದರು.

"ಅಲ್ವೇ, ನನ್ನ ಮಂಡಿ?" ಎಂದ ಗೆಳೆಯ.

"ಪಕ್ಕದ ಸೀಟಲ್ಲಿ ಕಾಲು ಚಾಚೋಕೆ ಜಾಗ ಚೆನ್ನಾಗಿದೆ ರೀ" ಎಂದರು.